ಚಪ್ಪಾಳೆ ಬಿದ್ದ ವಾಕ್ಯಗಳು

‘ಬುದ್ಧಿ, ಇಂಗ್ಲಿಷಿನಲ್ಲಿ ಎರಡು ಮಾತನ್ನು ಒಂದು ಮಾಡುವ ಪದಗಳನ್ನು ಮಕ್ಕಳಿಗೆ ಕಲಿಸಿದ್ದೇನೆ. ಆ್ಯಂಡ್, ಬಟ್, ಆರ್, ಸೋ. ಎಲ್ಲರೂ ತಪ್ಪಿಲ್ಲದೆ ಬಳಸುತ್ತಾರೆ. ಇನ್ನು ನನ್ನ ಕೆಲಸ ಮುಗಿಯಿತು ಎನ್ನಬಹುದೆ?’

ಮಠದ ಗುರುಗಳನ್ನು ಹೀಗೆ ಕೇಳಿದವನು ಪಂಚಾಕ್ಷರಿ. ಮಠದಲ್ಲೇ ಬೆಳೆದು, ಮಠದ ಶಾಲೆಗೇ ಹೊಸದಾಗಿ ಇಂಗ್ಲಿಷ್ ಮೇಷ್ಟ್ರಾದವನು. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಒಳ್ಳೆಯವರು. ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಅವರ ಪಾಠದಲ್ಲಿ ಒಂದು ಪದ್ಧತಿ. ಮಕ್ಕಳು ಒಬ್ಬೊಬ್ಬರೇ ಎದ್ದು ಇಂಗ್ಲಿಷಿನಲ್ಲಿ ಸ್ವಂತ ವಾಕ್ಯ ಹೇಳಬೇಕು. ಕನ್ನಡ ಬಾಯಿಗೆ ಬರಕೂಡದು. ವಾಕ್ಯ ಸರಿಯಿದ್ದರೆ ಇಡೀ ತರಗತಿ ಚಪ್ಪಾಳೆ ತಟ್ಟಬೇಕು. ಮಕ್ಕಳು ಮಕ್ಕಳೇ ತಾನೆ, ಚಪ್ಪಾಳೆಯ ಆಸೆಗೆ ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಿದ್ದರು. ನಮ್ಮಜ್ಜ ಹುಲಿ ಸಾಕಿದ್ದಾರೆ, ಬಟ್, ಅದು ಸೊಪ್ಪು ತಿನ್ನುತ್ತದೆ ಎಂದರೂ ಚಪ್ಪಾಳೆಯೇ. ಹುಲಿ ಎಲ್ಲಿದೆ ಎಂದು ಮೇಷ್ಟ್ರು ಕೇಳುತ್ತಿರಲಿಲ್ಲ. ಬಟ್ ತನ್ನ ಜಾಗದಲ್ಲಿ ಕೂತಿದ್ದರೆ ಅವರಿಗೆ ಅಷ್ಟೇ ಸಾಕು.

ಆ ತರಗತಿಯಲ್ಲಿ ಒಬ್ಬ ಹುಡುಗಿ. ಇನ್ನೂ ಒಂಬತ್ತನೆಯ ತರಗತಿ. ಒಂದು ದಿನ ಪಾಠದ ನಡುವೆ ಅವಳ ಸೋದರಮಾವ ಬಂದ. ಮೂವತ್ತು ದಾಟಿದವನು. ಮನೆಯಲ್ಲಿ ಪೂಜೆ ಇದೆ, ಹುಡುಗಿಯನ್ನು ಕಳಿಸಿ ಎಂದ. ಪಾಠ ಮುಗಿಯಲಿ, ಕರೆದುಕೊಂಡು ಹೋಗುವಿರಂತೆ ಎಂದರು ಮೇಷ್ಟ್ರು. ಅವನು ಜಗಲಿಯ ಮೇಲೆ, ಕಿಟಕಿಯ ಕೆಳಗೇ ಕೂತ.

ಪೂಜೆಯೂ ಇಲ್ಲ, ಮಣ್ಣೂ ಇಲ್ಲ. ಮರುದಿನ ಬೆಳಿಗ್ಗೆ ಇದೇ ಮಾವನಿಗೆ ಅವಳನ್ನು ಧಾರೆ ಎರೆದು ಕೊಡುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಹುಡುಗಿಗೆ ಅದು ಬೇಡ. ಅವ್ವನ ಕಾಲು ಹಿಡಿದು ಅತ್ತಾಗಿತ್ತು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು, ಅಷ್ಟೆ. ಇನ್ನು ಅವಳ ಪಾಲಿಗೆ ಉಳಿದವರು ಈ ಮೇಷ್ಟ್ರೊಬ್ಬರೇ. ಕನ್ನಡದಲ್ಲಿ ಹೇಳಿದರೆ ಕಿಟಕಿಯ ಕೆಳಗಿನವನಿಗೆ ಕೇಳುತ್ತದೆ. ಇಂಗ್ಲಿಷ್ ಅವನಿಗೆ ಬಾರದು. ಹುಡುಗಿ ಕೈ ಎತ್ತಿದಳು. ಮುಂದೆ ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲೇ.

‘ಹೊರಗೆ ನನ್ನ ಮಾವ ಕೂತಿದ್ದಾನೆ, ಆ್ಯಂಡ್, ಅವನು ನನ್ನನ್ನು ಮದುವೆಯಾಗುತ್ತಾನೆ.’

‘ಸರಿಯಾಗಿದೆ’ ಎಂದರು ಮೇಷ್ಟ್ರು. ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಕೂತ ಗೆಳತಿ ಒಮ್ಮೆ ಅವಳ ಮುಖ ನೋಡಿದಳು. ಆಮೇಲೆ ಅವಳೂ ತಟ್ಟಿದಳು.

ಹುಡುಗಿ ಕೂರಲಿಲ್ಲ. ‘ನನಗೆ ಮದುವೆ ಬೇಡ, ಆ್ಯಂಡ್, ನಾಳೆ ಮದುವೆ’ ಎಂದಳು. ಗಾಬರಿಯಲ್ಲಿ ಪದ ತಪ್ಪಿತ್ತು.

ಮೇಷ್ಟ್ರು ಕೈ ಅಡ್ಡ ಹಿಡಿದರು. ‘ನಿನಗೆ ಬೇಡ. ಆದರೂ ಆಗುತ್ತಿದೆ. ಒಂದಕ್ಕೊಂದು ವಿರುದ್ಧ. ಅಲ್ಲಿ ಆ್ಯಂಡ್ ಬರುವುದಿಲ್ಲ’ ಎಂದರು, ತಾವೂ ಇಂಗ್ಲಿಷಿನಲ್ಲೇ.

ಹುಡುಗಿ ಅವರ ಮುಖವನ್ನೇ ನೋಡಿದಳು. ಇಷ್ಟು ಹೇಳಿದವರು ಇನ್ನೊಂದು ಮಾತು ಹೇಳಿಯಾರು ಎಂದು ಕಾದಳು. ಅವರೂ ಕಾಯುತ್ತಿದ್ದರು, ಅವಳ ಬಾಯಿಂದ ಸರಿಯಾದ ಪದ ಬರಲಿ ಎಂದು.

‘ನನಗೆ ಮದುವೆ ಬೇಡ, ಬಟ್, ನಾಳೆ ಮದುವೆ.’

ಚಪ್ಪಾಳೆ. ಅವಳಿಗೆ ಅಳು ಬಂತು. ಆದರೂ ಇನ್ನೊಂದು ಉಳಿದಿತ್ತು.

‘ನೀವು ನನ್ನನ್ನು ಇಲ್ಲೇ ಉಳಿಸಿಕೊಳ್ಳಿ, ಆರ್, ಅವನು ಕರೆದುಕೊಂಡು ಹೋಗುತ್ತಾನೆ.’

ಮೇಷ್ಟ್ರಿಗೆ ಖುಷಿಯೋ ಖುಷಿ. ಒಂದೇ ಸಲಕ್ಕೆ ಮೂರು ಪದ ಬಳಸಿದವರು ಆ ತರಗತಿಯಲ್ಲಿ ಯಾರೂ ಇರಲಿಲ್ಲ. ಎಲ್ಲರಿಗಿಂತ ಜೋರಾಗಿ ತಾವೇ ಚಪ್ಪಾಳೆ ತಟ್ಟಿದರು. ಕಣ್ಣೀರು ಕಂಡಿತು ಅವರಿಗೆ. ಹೊಗಳಿಕೆಗೆ ಅತ್ತಳು ಎಂದುಕೊಂಡರು. ಹೊರಗೆ ಕೂತ ಮಾವನೂ ಚಪ್ಪಾಳೆ ಕೇಳಿ ನಕ್ಕ. ಅಷ್ಟರಲ್ಲಿ ಗಂಟೆ ಹೊಡೆಯಿತು.

‘ಸೋ ಒಂದು ಬಾಕಿ ಇದೆಯಮ್ಮ. ಪೂಜೆ ಮುಗಿಸಿಕೊಂಡು ಬಾ, ಹೇಳುವೆಯಂತೆ’ ಎಂದರು ಮೇಷ್ಟ್ರು.

ಹುಡುಗಿ ಚೀಲ ಎತ್ತಿಕೊಂಡಳು. ಬಾಗಿಲ ತನಕ ತಿರುಗಿ ತಿರುಗಿ ನೋಡಿದಳು. ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಪಂಚಾಕ್ಷರಿಯ ಮುಖ ಬಾಡಿತ್ತು. ಆದರೂ ತನ್ನ ಕಸುಬಿನವರ ಪರವಾಗಿ ಒಂದು ಮಾತು ಹೇಳದಿರಲು ಅವನಿಂದಾಗಲಿಲ್ಲ.

‘ಪಾಪ ಬುದ್ಧಿ, ಆ ಮೇಷ್ಟ್ರಿಗೆ ಅವಳ ಮಾತು ಅರ್ಥವಾಗಲಿಲ್ಲ.’

‘ಅರ್ಥವಾಗದೆ ಹೇಗೆ ತಿದ್ದಿದರು, ಪಂಚಾಕ್ಷರಿ?’