ಹಲ್ಲಿ ಯಾವ ಸೀಮೆಯದು?

ಬಿಳಿಗಲ್ಲು ಸೀಮೆಯ ಗ್ರಂಥಾಲಯದಲ್ಲಿ ಒಂದು ದಪ್ಪ ಗ್ರಂಥವಿತ್ತು. ಆ ಸೀಮೆಯ ಜನ, ಚರಿತ್ರೆ, ಪ್ರಾಣಿಪಕ್ಷಿ ಎಲ್ಲವೂ ತನ್ನೊಳಗಿವೆ ಎಂಬುದು ಅದರ ಹೆಮ್ಮೆ. ಅದರ ಹಿಂದಿನ ಗೋಡೆಯಲ್ಲಿ ಒಂದು ಹಲ್ಲಿ ವಾಸವಾಗಿತ್ತು. ಏನು ಕಂಡರೂ ಕೇಳಿ ತಿಳಿದುಕೊಳ್ಳುವ ಚಪಲ ಅದಕ್ಕೆ.

"ಗ್ರಂಥರಾಯರೇ, ನಾನು ನಿಮ್ಮ ಎಷ್ಟನೇ ಪುಟದಲ್ಲಿದ್ದೇನೆ?" ಎಂದು ಒಂದು ದಿನ ಕೇಳಿತು.

ಗ್ರಂಥ ತನ್ನ ಪುಟಗಳನ್ನೆಲ್ಲ ತಿರುವಿ ನೋಡಿಕೊಂಡಿತು. "ತೋಳವಿದೆ, ನವಿಲಿದೆ, ಮುಳ್ಳುಹಂದಿಯೂ ಇದೆ. ನೀನಿಲ್ಲ. ನನ್ನನ್ನು ಬರೆದವರು ಇಪ್ಪತ್ತು ವರ್ಷ ಗುಡ್ಡ ಸುತ್ತಿದ್ದಾರೆ, ತಿಳಿಯಿತೇ? ನನ್ನಲ್ಲಿ ಇಲ್ಲದ್ದು ಈ ಸೀಮೆಯದ್ದೇ ಅಲ್ಲ. ಜಾಗ ಖಾಲಿ ಮಾಡು."

"ಹೌದೇ! ಹಾಗಾದರೆ ನಾನು ಎಲ್ಲಿಯವನು?" ಎಂದು ಅಚ್ಚರಿಪಡುತ್ತಲೇ ಹಲ್ಲಿ ಎದುರು ಗೋಡೆಗೆ ಹೊರಟುಹೋಯಿತು.

ತಿಂಗಳು ಕಳೆಯುವಷ್ಟರಲ್ಲಿ ಗ್ರಂಥದ ಕೂಗು ಕೇಳಿಸಿತು. "ಅಯ್ಯೋ, ಬೇಗ ಬಾರಪ್ಪಾ! ಹುಳು ನನ್ನನ್ನು ಕೊರೆಯುತ್ತಿದೆ. ತೋಳ ಆಗಲೇ ಮುಗಿಯಿತು, ಈಗ ನವಿಲಿಗೆ ಬಾಯಿ ಹಾಕಿದೆ!"

ಹಲ್ಲಿ ಓಡಿ ಬಂದು ಇಣುಕಿತು. "ಈ ಹುಳು ಎಷ್ಟನೇ ಪುಟದ್ದು, ರಾಯರೇ?"

"ಯಾವ ಪುಟದಲ್ಲೂ ಇಲ್ಲ."

"ಹಾಗಿದ್ದರೆ ಇದೂ ಈ ಸೀಮೆಯದ್ದಲ್ಲ. ಮತ್ತೆ ನಿಮ್ಮನ್ನು ಕೊರೆಯುತ್ತಿರುವುದು ಯಾರು?" ಹಲ್ಲಿ ನಿಜವಾಗಿಯೂ ತಿಳಿಯದೆ ಕೇಳಿತ್ತು.

ಗ್ರಂಥ ತನ್ನ ಪುಟಗಳನ್ನು ಮತ್ತೊಮ್ಮೆ ತಿರುವತೊಡಗಿತು. ಹಲ್ಲಿ ಹುಳುವನ್ನು ಗಬಕ್ಕನೆ ನುಂಗಿ, ರುಚಿ ನೋಡಿ ಬಾಯಿ ಚಪ್ಪರಿಸಿತು.

ಸ್ವಲ್ಪ ಹೊತ್ತಾದ ಮೇಲೆ ಗ್ರಂಥ ಮೆಲ್ಲಗೆ ಹೇಳಿತು: "ನನ್ನ ಕೊನೆಯಲ್ಲಿ ಒಂದು ಹಾಳೆ ಖಾಲಿಯಿದೆ. ನಿನ್ನ ಊರು ಯಾವುದೆಂದು ಬರೆದುಕೊಳ್ಳಲಿ?"

"ಇಲ್ಲೇ ರಾಯರೇ, ನಿಮ್ಮ ಬೆನ್ನ ಹಿಂದೆ," ಎಂದು ಹಲ್ಲಿ ತನ್ನ ಹಳೆಯ ಜಾಗಕ್ಕೆ ಸರಿದುಕೊಂಡಿತು.