ಹಿಂದೆ ಬರುವ ಫಕೀರಪ್ಪನ ಗಂಟೆ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಗುರುಸಿದ್ದವ್ವ. ಎಮ್ಮೆಗುಡ್ಡದ ಇಳಿಜಾರಿನ ನಾಲ್ಕನೇ ತಿರುವಿನಲ್ಲಿ ಚಹಾದಂಗಡಿ ಇಟ್ಟುಕೊಂಡವಳು. ವಯಸ್ಸು ಕೇಳಿದರೆ "ಬಾಯಾಗ ಉಳಿದ ಹಲ್ಲು ಎಣಿಸ್ಕೋರಿ" ಅನ್ನುವವಳು. ನಾನು ಒಂದು ಸೈಕಲ್ ತಂಡದ ಜೊತೆ ಆ ಗುಡ್ಡ ದಾಟಲು ಹೋಗಿದ್ದೆ. ಜೊತೆ ಎಂದರೆ ಹೊರಡುವಾಗ ಜೊತೆ. ಮೂರನೇ ಏರು ಬರುವಷ್ಟರಲ್ಲಿ ತಂಡ ಮುಂದೆ ಹೋಗಿತ್ತು. ನಾನೂ ನನ್ನ ನಲವತ್ಮೂರು ವರ್ಷದ ಮೊಣಕಾಲೂ ಹಿಂದೆ ಉಳಿದಿದ್ದೆವು. ಹಾಗೆ ಹಿಂದೆ ಉಳಿದದ್ದಕ್ಕೇ ಈ ಕಥೆ ನನಗೆ ಸಿಕ್ಕಿತು. ಅವಳು ಹೇಳಿದ ಹಾಗೇ ಹೇಳುತ್ತೇನೆ, ಕೇಳಿ.

ಬಹಳ ಹಿಂದೆ, ಎಮ್ಮೆಗುಡ್ಡದ ರಸ್ತೆಗೆ ಡಾಂಬರಿನ ವಾಸನೆಯೂ ತಾಗದಿದ್ದ ಕಾಲದಲ್ಲಿ, ಗುಡ್ಡದ ಕೆಳಗೆ ಹಾಲಕೊಳ್ಳ ಅಂತ ಒಂದು ಊರಿತ್ತು. ಊರು ಈಗಲೂ ಇದೆ, ಆದರೆ ಆಗಿನದು ಬೇರೆ ಅಂತಾರೆ. ಆ ಊರಲ್ಲಿ ಫಕೀರಪ್ಪ ಅಂತ ಒಬ್ಬನಿದ್ದ. ಬೇವಿನ ಗಿಡದ ಕೆಳಗೆ ಸೈಕಲ್ ರಿಪೇರಿ ಮಾಡುತ್ತಿದ್ದ. ಪಂಚರ್ ನೋಡಲು ಅವನಿಗೆ ನೀರಿನ ಬೋಗುಣಿ ಬೇಕಿರಲಿಲ್ಲವಂತೆ. ಗಾಳಿ ತುಂಬಿದ ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದ. ಗಾಳಿ ತುಟಿಗೆ ತಾಗಿದಲ್ಲಿ ಬೆರಳಿಡುತ್ತಿದ್ದ. ಚಕ್ರವನ್ನು ತಿರುಗಿಸಿ, ಕಣ್ಣು ಮುಚ್ಚಿ, ಯಾವ ಕಡ್ಡಿ ಸಡಿಲಾಗಿದೆ ಅಂತ ಕಿವಿಯಿಂದಲೇ ಹೇಳುತ್ತಿದ್ದ. ಜ್ವರ ಬಂದ ಮಕ್ಕಳನ್ನೂ ಅವನ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು ಅಂತಾರೆ. ಅವನು ಮಕ್ಕಳಿಗೆ ಏನು ಮಾಡುತ್ತಿದ್ದ ಅಂತ ಕೇಳಿದೆ. "ಗಾಳಿ ನೋಡ್ತಿದ್ದನೇನೋ, ನನಗೇನ್ ಗೊತ್ತು" ಅಂದಳು ಗುರುಸಿದ್ದವ್ವ.

ಆ ಸೀಮೆಯಲ್ಲಿ ವರ್ಷಕ್ಕೊಂದು ಸಲ, ಬನ್ನಿ ಹಬ್ಬದ ಮರುದಿನ ಬೆಳಿಗ್ಗೆ, ಸೈಕಲ್ ಶರ್ಯತ್ತು ನಡೆಯುತ್ತಿತ್ತು. ಗುಡ್ಡದ ಆಚೆಗಿನ ಪೇಟೆಯಿಂದ ಹೊರಟು, ಏಳು ತಿರುವು ಏರಿ, ಏಳು ತಿರುವು ಇಳಿದು ಹಾಲಕೊಳ್ಳ ಮುಟ್ಟಬೇಕು. ಮೊದಲು ಬಂದವನಿಗೆ ಹಿತ್ತಾಳೆ ಕೊಡ. ಕೊಡಕ್ಕಾಗಿ ಸೈಕಲ್ ತುಳಿಯುವವನಿಗಿಂತ ಅವನ ಹೆಂಡತಿಯೇ ಹೆಚ್ಚು ಹುರುಪಿನಲ್ಲಿ ಇರುತ್ತಿದ್ದಳಂತೆ. ಫಕೀರಪ್ಪ ಆ ಕೊಡವನ್ನು ಒಮ್ಮೆಯೂ ಗೆಲ್ಲಲಿಲ್ಲ. ಯಾಕೆಂದರೆ ಅವನು ಪ್ರತಿ ವರ್ಷವೂ ಕೊನೆಗೆ ಬರುತ್ತಿದ್ದ. ಬೇಕಂತಲೇ ಬರುತ್ತಿದ್ದ.

ಹೆಗಲಿಗೆ ಪಂಪು, ಚೀಲದಲ್ಲಿ ಟ್ಯೂಬಿನ ತುಂಡು, ಕಡ್ಡಿ, ಬೆಲ್ಲದ ಉಂಡೆ. ಯಾರದಾದರೂ ಚಕ್ರ ಕೂತರೆ ನಿಲ್ಲುತ್ತಿದ್ದ, ಸರಿ ಮಾಡುತ್ತಿದ್ದ, ಬಾಯಿಗೆ ಬೆಲ್ಲ ಹಾಕಿ ಮುಂದೆ ದಬ್ಬುತ್ತಿದ್ದ. ಕಾಲು ಸೋತವರ ಬೆನ್ನಿಗೆ ಅಂಗೈ ಇಟ್ಟು ತಿರುವು ದಾಟಿಸುತ್ತಿದ್ದ. ಅವನ ಹಿಂದೆ ಯಾರೂ ಉಳಿಯುತ್ತಿರಲಿಲ್ಲ ಅಂತಾರೆ. ಊರವರು ಚೇಷ್ಟೆ ಮಾಡುತ್ತಿದ್ದರು: "ಏ ಫಕೀರಪ್ಪಾ, ನಿನ್ನ ಕೊಡ ಎಲ್ಲೈತೋ? ಸೋರಿ ಹೋತೇನು?" ಅವನು ನಗುತ್ತಿದ್ದ. ಅವ್ವ ಸತ್ಯವ್ವನಿಗೆ ಮಾತ್ರ ನಗು ಬರುತ್ತಿರಲಿಲ್ಲ. ನೀರು ತರಲು ಅವಳ ಹತ್ತಿರ ಇದ್ದದ್ದು ಮಣ್ಣಿನ ಕೊಡ.

ಅವನ ಸೀಟಿನ ಕೆಳಗೆ ಒಂದು ಗಂಟೆ ಇರುತ್ತಿತ್ತು. ಗಾಡಿ ಎಳೆಯುತ್ತ ಅದೇ ಏರಿನಲ್ಲಿ ಬಿದ್ದು ಸತ್ತ ಅವನ ಎತ್ತಿನ ಕೊರಳ ಗಂಟೆ. ಚರ್ಮದ ಬಾರಿನಿಂದ ಕಟ್ಟಿದ್ದ. ಸೈಕಲ್ ಓಡಿದರೆ ಗಂಟೆ ಬಡಿದುಕೊಳ್ಳುತ್ತಿತ್ತು, ಎರಡು ಗುಡ್ಡದ ಆಚೆಗೂ ಕೇಳುತ್ತಿತ್ತು ಅಂತಾರೆ. ಶರ್ಯತ್ತಿನ ದಿನ ಊರವರು ಕುರಿ, ಎತ್ತು, ಗಾಡಿ ಒಂದನ್ನೂ ರಸ್ತೆಗೆ ಬಿಡುತ್ತಿರಲಿಲ್ಲ. ಎಲ್ಲಿಯವರೆಗೆ? ಫಕೀರಪ್ಪನ ಗಂಟೆ ದಾಟುವವರೆಗೆ. ಎಷ್ಟು ಸೈಕಲ್ ಹೋದವು, ಎಷ್ಟು ಬರಬೇಕು ಅಂತ ಯಾರೂ ಎಣಿಸುತ್ತಿರಲಿಲ್ಲ. ಗಂಟೆ ಇದ್ದ ಮೇಲೆ ಎಣಿಸುವುದು ಯಾಕೆ? "ಗಂಟಿ ಹೋತು, ದಾರಿ ನಮ್ದು" ಅನ್ನುತ್ತಿದ್ದರು, ದೊಡ್ಡಿಯ ಬಾಗಿಲಿಗಿಟ್ಟ ಮುಳ್ಳು ಸರಿಸುತ್ತಿದ್ದರು. ಹಾಗೆ ಎಷ್ಟೋ ವರ್ಷ ನಡೆಯಿತು. ಒಮ್ಮೆಯೂ ತಪ್ಪಲಿಲ್ಲ.

ಒಂದು ವರ್ಷ ಫಕೀರಪ್ಪನ ತಮ್ಮ ಶಿವಪುತ್ರ ತಾನೂ ಶರ್ಯತ್ತಿಗೆ ಬರುತ್ತೇನೆ ಅಂದ. ತೆಳ್ಳಗಿನ ಆಳು, ಎದೆಯಲ್ಲಿ ಉಬ್ಬಸ. ಮದುವೆ ಗೊತ್ತಾಗಿತ್ತು, ಹೆಣ್ಣಿನ ಕಡೆಯವರು ಶರ್ಯತ್ತು ನೋಡಲು ಬರುವವರಿದ್ದರು. ಗೆಲ್ಲುವುದು ಬೇಡ, ಊರ ಮುಂದೆ ಸೈಕಲ್ ಮೇಲೆ ಕೂತು ಬಂದರೆ ಸಾಕು ಅನ್ನುವುದು ಅವನ ಆಸೆ. ಸತ್ಯವ್ವ ಬೇಡವೆಂದಳು, ಅತ್ತಳು, ಊಟ ಬಿಟ್ಟಳು. ಆಗ ಫಕೀರಪ್ಪ ಅವ್ವನ ಕೈ ಹಿಡಿದು ಹೇಳಿದನಂತೆ: "ಯವ್ವಾ, ನಾ ಅವನ ಹಿಂದ ಇರ್ತೀನಿ. ನನ್ನ ಹಿಂದ ಯಾರರ ಉಳಿದಾರೇನು ಇಲ್ಲೀತನಕ?"

ಉಳಿದಿರಲಿಲ್ಲ. ಹಾಗಾಗಿ ಅವಳು ಒಪ್ಪಿದಳು.

ಆ ಬೆಳಿಗ್ಗೆ ಎಲ್ಲರೂ ಮುಂದೆ ಹೋದರು, ಅಣ್ಣತಮ್ಮ ಇಬ್ಬರೇ ಕೊನೆಗೆ. ಏರಿನಲ್ಲಿ ಶಿವಪುತ್ರ ಹತ್ತು ಕಡೆ ನಿಂತ, ಹತ್ತು ಕಡೆಯೂ ಫಕೀರಪ್ಪ ನಿಂತ. ನೆತ್ತಿ ಮುಟ್ಟಿದಾಗ ಬಿಸಿಲು ಏರಿತ್ತು. ಶಿವಪುತ್ರ ಬಂಡೆಯ ಮೇಲೆ ಕೂತು ಉಸಿರು ಹಿಡಿಯುತ್ತಿದ್ದ. ಆಗ ಕೆಳಗಿನಿಂದ ಕೂಗು ಬಂತು. ಒಂದು ಹೊಲದವರು ಕೂಗಿದ್ದನ್ನು ಮೇಲಿನ ಹೊಲದವರು ಕೇಳಿ, ಅವರು ಕೂಗಿದ್ದನ್ನು ಇನ್ನೂ ಮೇಲಿನವರು ಕೇಳಿ, ಹಾಗೆ ಗುಡ್ಡ ಹತ್ತಿ ಬಂದ ಕೂಗು. ಇಳಿಜಾರಿನ ಆರನೇ ತಿರುವಿನಲ್ಲಿ ಒಬ್ಬ ಬಿದ್ದಿದ್ದಾನೆ, ಕಾಲು ಚೈನಿನಲ್ಲಿ ಸಿಕ್ಕಿದೆ, ರಕ್ತ ನಿಲ್ಲುತ್ತಿಲ್ಲ, ಫಕೀರಪ್ಪನನ್ನು ಕಳಿಸಿ ಅಂತ.

ಫಕೀರಪ್ಪ ತಮ್ಮನ ಮುಖ ನೋಡಿದ. ತಮ್ಮ ನಕ್ಕ. "ನೀ ಹೋಗಣ್ಣಾ. ನನಗ ಏರೂದು ಬರೂದಿಲ್ಲ ಖರೆ, ಇಳಿಯಾಕೇನು? ಅದು ಕಲ್ಲಿಗೂ ಬರತೈತಿ" ಅಂದ.

ಫಕೀರಪ್ಪ ಹೋದ. ಅಷ್ಟು ಜೋರಾಗಿ ಆ ಗುಡ್ಡವನ್ನು ಯಾರೂ ಇಳಿದಿರಲಿಲ್ಲ ಅಂತಾರೆ. ಅವನು ಮನಸ್ಸು ಮಾಡಿದ್ದರೆ ಊರಿನ ಎಲ್ಲ ಹಿತ್ತಾಳೆ ಕೊಡಗಳೂ ಸತ್ಯವ್ವನ ಮನೆಯಲ್ಲೇ ಇರುತ್ತಿದ್ದವು ಅಂತ ಊರಿಗೆ ಅವತ್ತು ತಿಳಿಯಿತು ಅಂತಾರೆ. ಮತ್ತೆ, ಗಂಟೆ ಅಷ್ಟು ಜೋರಾಗಿ ಯಾವತ್ತೂ ಬಡಿದುಕೊಂಡಿರಲಿಲ್ಲ ಅಂತಾರೆ.

ನಾಲ್ಕನೇ ತಿರುವಿನ ಪಕ್ಕ ಹಾಲವ್ವ ಅನ್ನುವವಳ ಕುರಿದೊಡ್ಡಿ. ಬೆಳಗಿನಿಂದ ಕಟ್ಟಿಹಾಕಿದ ಕುರಿಗಳು ಹಸಿವಿಗೆ ಒದರುತ್ತಿದ್ದವು. ಆ ಒದರಾಟದಲ್ಲಿ ಹೊಲದವರ ಕೂಗು ಅವಳಿಗೆ ಕೇಳಿರಲಿಲ್ಲ. ಗಂಟೆ ಬಂತು, ದಾಟಿತು. ಇವತ್ತು ಫಕೀರಪ್ಪನಿಗೆ ಭಾಳ ಅವಸರ, ಬೀಗರು ಬಂದಿರಬೇಕು ಅಂದುಕೊಂಡಳು ಹಾಲವ್ವ. "ಗಂಟಿ ಹೋತು, ದಾರಿ ನಮ್ದು" ಅಂದಳು. ಮುಳ್ಳು ಸರಿಸಿದಳು. ಇನ್ನೂರು ಕುರಿ ರಸ್ತೆಗಿಳಿದವು.

ಆರನೇ ತಿರುವಿನಲ್ಲಿ ಫಕೀರಪ್ಪ ಬಿದ್ದವನ ಕಾಲನ್ನು ಚೈನಿನಿಂದ ಬಿಡಿಸಿದ. ತನ್ನ ರುಮಾಲು ಹರಿದು ಕಟ್ಟಿದ. ರಕ್ತ ನಿಂತಿತು, ಆ ಮನುಷ್ಯ ಬದುಕಿದ. ಆಗ ಮೇಲಿನಿಂದ ಕುರಿಗಳ ಸದ್ದು ಕೇಳಿತು. ದೊಡ್ಡಿಯಿಂದಲ್ಲ, ರಸ್ತೆಯಿಂದ. ಫಕೀರಪ್ಪನ ಕೈ ತಾನಾಗಿಯೇ ಸೀಟಿನ ಕೆಳಗೆ ಹೋಯಿತು. ಗಂಟೆ ಅಲ್ಲೇ ಇತ್ತು.

ಬಿಚ್ಚಿ ತಮ್ಮನ ಸೈಕಲ್ಲಿಗೆ ಕಟ್ಟಿ ಬಂದಿದ್ದರೆ ಸಾಕಿತ್ತು. ಒಂದು ಬಾರು, ಒಂದು ಗಂಟು. ಊರವರು ಇವತ್ತಿಗೂ ಇದನ್ನೇ ಮಾತಾಡುತ್ತಾರೆ. ಗಂಟು ಬಿಗಿಯಾಗಿತ್ತು ಅಂತ ಕೆಲವರು. ನೆನಪೇ ಆಗಲಿಲ್ಲ ಅಂತ ಕೆಲವರು. ಕಣ್ಣಿನ ರೆಪ್ಪೆಯ ನೆನಪು ಯಾರಿಗಿರುತ್ತದೆ, ಅವನಿಗೆ ಗಂಟೆ ಹಾಗಾಗಿತ್ತು ಅಂದಳು ಗುರುಸಿದ್ದವ್ವ.

ಅವನು ಸೈಕಲ್ ಬಿಟ್ಟು ಮೇಲಕ್ಕೆ ಓಡಿದ. ಓಡುತ್ತ ಕೂಗಿದ. ಆದರೆ ಕುರಿಗಳ ಸದ್ದಿನಲ್ಲಿ ಕೂಗು ಮುಳುಗಿತು. ಶಿವಪುತ್ರ ನಾಲ್ಕನೇ ತಿರುವು ಹೊರಳಿದಾಗ ಎದುರಿಗೆ ರಸ್ತೆಯೇ ಇರಲಿಲ್ಲ, ಬರೀ ಉಣ್ಣೆ. ಸೈಕಲ್ಲನ್ನು ಕುರಿಗಳ ಮೇಲೆ ಬಿಟ್ಟಿದ್ದರೆ ಅವನು ಉಳಿಯುತ್ತಿದ್ದ ಅಂತಾರೆ. ಅವನು ಹ್ಯಾಂಡಲ್ಲನ್ನು ಕೊಳ್ಳದ ಕಡೆ ತಿರುಗಿಸಿದ. ಒಂದು ಕುರಿಗೂ ಗಾಯವಾಗಲಿಲ್ಲ ಅಂತಾರೆ.

ಊರ ಮುಂದೆ ಹೆಣ್ಣಿನ ಕಡೆಯವರು ಮಧ್ಯಾಹ್ನದವರೆಗೆ ಕಾದಿದ್ದರಂತೆ.

ಹಾಲವ್ವ ಬಂದು ಫಕೀರಪ್ಪನ ಕಾಲಿಗೆ ಬಿದ್ದಳು. ತಾನೇ ಕೊಂದೆ ಅಂತ ಎದೆ ಬಡಿದುಕೊಂಡಳು. ಫಕೀರಪ್ಪ ಅವಳನ್ನು ಎಬ್ಬಿಸಿ ಒಂದೇ ಮಾತು ಹೇಳಿದನಂತೆ: "ನೀ ಸುಳ್ಳು ಕೇಳಿಲ್ಲ ಯವ್ವಾ. ಗಂಟಿ ಸುಳ್ಳು ಹೇಳೇತಿ." ಗಂಟೆಯ ನಾಲಗೆಯನ್ನು ಕಿತ್ತು, ತಮ್ಮನ ಜೊತೆ ಮಣ್ಣಿಗಿಟ್ಟ.

ಸತ್ಯವ್ವ ಮಗನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅಂತಾರೆ. ಮರುವರ್ಷ ಶರ್ಯತ್ತಿನ ದಿನ ಫಕೀರಪ್ಪ ತಮ್ಮನ ಮುರಿದ ಸೈಕಲ್ಲನ್ನು ಸರಿಮಾಡಿ, ಹತ್ತದೆ, ಕೈಯಲ್ಲಿ ದಬ್ಬಿಕೊಂಡು, ಎಲ್ಲರ ಹಿಂದೆ ಗುಡ್ಡ ದಾಟಿ ನಡೆದು ಬಂದ. ತಿರುವು ತಿರುವಿಗೂ ನಿಂತು ಹಿಂದೆ ನೋಡಿದ. ಮನೆಗೆ ಬಂದಾಗ ಬಾಗಿಲಲ್ಲಿ ಸತ್ಯವ್ವ ಕೇಳಿದಳು: "ಹಿಂದ ಯಾರರ ಉಳಿದಾರೇನಪಾ?" ಅವನು "ನೋಡಿ ಬರ್ತೀನಿ" ಅಂದ. ನೀರೂ ಕುಡಿಯದೆ ಮತ್ತೆ ಗುಡ್ಡಕ್ಕೆ ಹೋದ. ಸಂಜೆಗೆ ಬಂದು "ಯಾರೂ ಇಲ್ಲ ಯವ್ವಾ" ಅಂದ. ಆಮೇಲೆ ಇಬ್ಬರೂ ಉಂಡರು.

ಪ್ರತಿ ವರ್ಷವೂ ಅವಳು ಕೇಳಿದಳು. ಪ್ರತಿ ವರ್ಷವೂ ಅವನು ನೋಡಿ ಬಂದ. ಅವಳ ಕಣ್ಣು ಹೋದ ಮೇಲೂ ಕೇಳಿದಳು. ಅವನ ಕೂದಲು ಬೆಳ್ಳಗಾದ ಮೇಲೂ ಹೋದ. ಅವಳು ತೀರಿಕೊಂಡ ವರ್ಷ ಬಾಗಿಲಲ್ಲಿ ಕೇಳುವವರು ಇರಲಿಲ್ಲ. ಆದರೂ ಅವನು ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತ. "ನೋಡಿ ಬರ್ತೀನಿ" ಅಂದ. ಹೋದ.

ಬರಲಿಲ್ಲ.

ಸೈಕಲ್ ನಾಲ್ಕನೇ ತಿರುವಿನ ಬಂಡೆಗೆ ಒರಗಿಕೊಂಡಿತ್ತು. ಎಷ್ಟೋ ವರ್ಷ ಅಲ್ಲೇ ಇತ್ತು, ಮಳೆಗೆ ತುಕ್ಕು ಹಿಡಿಯಿತು, ಗಾಲಿಯ ಗಾಳಿ ಮಾತ್ರ ಇಳಿಯಲಿಲ್ಲ ಅಂತಾರೆ. "ಹಂಗಂತಾರ. ಒತ್ತಿ ನೋಡಿದವರು ಯಾರೂ ಸಿಕ್ಕಿಲ್ಲ ನನಗ" ಅಂದಳು ಗುರುಸಿದ್ದವ್ವ, ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿಯುತ್ತ.

ಈಗ ಹಿತ್ತಾಳೆ ಕೊಡದ ಶರ್ಯತ್ತು ಇಲ್ಲ. ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೈಗಂಟಿದ ಬಟ್ಟೆಯವರು ಮೊಬೈಲಿನಲ್ಲಿ ದಾರಿ ನೋಡಿಕೊಂಡು ಬರುತ್ತಾರೆ. ಹಾಲಕೊಳ್ಳದವರಿಗೆ ಅವರ ಹೆಸರು ಗೊತ್ತಿಲ್ಲ. ಆದರೆ ಸೈಕಲ್ ಬರುವ ದಿನ ಕುರಿಗಳು ದೊಡ್ಡಿಯಲ್ಲೇ ಇರುತ್ತವೆ. ಕೊನೆಯ ಸೈಕಲ್ ಹೋದರೂ, ಅದರ ಹಿಂದಿನ ಜೀಪು ಹೋಗಿ, ಅದರಲ್ಲಿದ್ದವರು "ಮುಗೀತು, ಬಿಡ್ರಿ" ಅಂತ ಕೈಬೀಸಿದರೂ ಮುಳ್ಳು ಸರಿಸುವುದಿಲ್ಲ. ದೊಡ್ಡಿಯ ಮನೆಯವರು ಒಬ್ಬರು ನಾಲ್ಕನೇ ತಿರುವಿಗೆ ನಡೆದು ಹೋಗಿ, ಮೇಲಕ್ಕೆ ಮುಖ ಮಾಡಿ, ಮೂರು ಸಲ ಕೂಗುತ್ತಾರೆ: "ಹಿಂದ ಯಾರರ ಅದೀರೇನು?" ಪ್ರತಿ ಕೂಗಿಗೂ ಒಂದು ಚಹಾ ಕುಡಿಯುವಷ್ಟು ಹೊತ್ತು ಕಾಯುತ್ತಾರೆ. ಆಮೇಲೆಯೇ ಕುರಿ.

ನನ್ನ ತಂಡದ ಜೀಪು ಆ ದಿನ ನಾನು ಮುಂದೆ ಹೋಗಿದ್ದೇನೆ ಅಂದುಕೊಂಡು ಹೊರಟುಹೋಗಿತ್ತು. ನಾನು ಎರಡನೇ ತಿರುವಿನಲ್ಲಿ, ಚೈನು ಕಳಚಿಕೊಂಡು, ಕೈಯೆಲ್ಲ ಎಣ್ಣೆ ಮಾಡಿಕೊಂಡು ಕೂತಿದ್ದೆ. ಆ ಕೂಗು ಎರಡು ಸಲ ಕೇಳಿತು. ಯಾರೋ ಕುರಿಯವರು ಇರಬೇಕು, ನನ್ನನ್ನಲ್ಲ ಅಂದುಕೊಂಡೆ. ಮೂರನೆಯದಕ್ಕೆ ಯಾಕೋ ಬಾಯಿಂದ ಬಂತು: "ಅದೀನ್ರೀ!"

ಕೂಗಿದವಳು ಗುರುಸಿದ್ದವ್ವ. ನಾನು ಸೈಕಲ್ ದಬ್ಬಿಕೊಂಡು ಇಳಿದು ಬರುವವರೆಗೂ ತಿರುವಿನಲ್ಲಿ ನಿಂತಿದ್ದಳು. ಹಿಂದೆ ದೊಡ್ಡಿಯಲ್ಲಿ ಕುರಿಗಳು ಒದರುತ್ತಿದ್ದವು. ಕಥೆ ಮುಗಿದ ಮೇಲೆ ಕೇಳಿದೆ, ಕೂಗುವ ಕೆಲಸ ನಿಮಗೇ ಯಾಕೆ ಬಂತು ಅಂತ. ಲೋಟ ತೊಳೆಯುತ್ತ ಹೇಳಿದಳು, "ಹಾಲವ್ವ ನಮ್ಮಜ್ಜಿರೀ. ಇಷ್ಟು ವರ್ಷ ಕೂಗೀವಿ, ಓ ಅಂದವರು ನೀವೇ ಮೊದಲು."

ಹೊರಡುವಾಗ ಅವಳು ಚಹಾಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಇದನ್ನು ಒಬ್ಬರಿಗಾದರೂ ಹೇಳಬೇಕು ಅಂದಳು. ಯಾರಿಗೆ ಅಂದೆ. ಮುಂದೆ ಹೋದವರು ನಿಂತು ಕೇಳುವುದಿಲ್ಲ, ಹಿಂದೆ ಬರುವವರಿಗೆ ಹೇಳಿ ಅಂದಳು.

ನಾನು ಹೇಳಿದ್ದಾಯಿತು. ಈಗ ನೀವು ಒಮ್ಮೆ ಹಿಂದೆ ತಿರುಗಿ ನೋಡಿ. ಯಾರಾದರೂ ಬರುತ್ತಿದ್ದರೆ ನಿಲ್ಲಿ, ಅವರಿಗೆ ಹೇಳಿ.