ಕೊಟ್ಟು ಕಸಿಯುವ ಯಂತ್ರ

ಹಿಮ ಬೀಳುವ ಬೆಟ್ಟದೂರಿನ ಕೋಣೆಯೊಂದಕ್ಕೆ ಹೊರಗೋಡೆಯ ಯಂತ್ರದ ಮೇಲೆ ಕೆಂಡದಂಥ ಸಿಟ್ಟು. ಆ ಯಂತ್ರ ಹೊರಗಿನ ಗಾಳಿಯಿಂದ ಶಾಖ ಹೀರಿ ಕೋಣೆಗೆ ಕೊಡುತ್ತಿತ್ತು, ನಿಜ. ಆದರೆ ತನ್ನ ಮೈಗೆ ಮಂಜುಗಡ್ಡೆ ಕಟ್ಟಿದಾಗಲೆಲ್ಲ ಅದನ್ನು ಕರಗಿಸಲು ಕೊಟ್ಟ ಶಾಖವನ್ನೇ ವಾಪಸು ಎಳೆದುಕೊಳ್ಳುತ್ತಿತ್ತು.

"ಕೊಟ್ಟ ಕೈಯಿಂದಲೇ ಕಸಿಯುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ?" ಎಂದಿತು ಕೋಣೆ.

"ನನ್ನಿಂದಲೇ ಬೆಚ್ಚಗಿದ್ದೀಯೆ, ಸ್ವಲ್ಪ ಸಹಿಸಿಕೋ" ಎಂದಿತು ಯಂತ್ರ.

ಯಂತ್ರದ ಪಕ್ಕದಲ್ಲಿದ್ದ ಮೇಣದ ಡಬ್ಬಿ ಈ ಜಗಳ ಕೇಳಲಾರದೆ ಹೇಳಿತು: "ಅಯ್ಯಾ, ನಿನ್ನ ಮೋಟಾರು ಸುಮ್ಮನೆ ಚೆಲ್ಲುವ ಬಿಸಿಯನ್ನು ನನ್ನ ಮೇಣದಲ್ಲಿ ಕೂಡಿಟ್ಟಿದ್ದೇನೆ. ಗಡ್ಡೆ ಕರಗಿಸಲು ಅದನ್ನು ತಗೋ."

ಗಡ್ಡೆ ಕರಗಿತು, ಕೋಣೆ ಬೆಚ್ಚಗೇ ಉಳಿಯಿತು. ಯಂತ್ರ ಬೀಗಿತು: "ನೋಡಿದೆಯಾ, ಈ ಸಲ ನಿನ್ನಿಂದ ಏನೂ ಕಸಿಯಲಿಲ್ಲ. ಎಂಥ ದೊಡ್ಡ ಮನಸ್ಸು ನನ್ನದು!"

ಕೋಣೆ ಕಿಟಕಿ ಅದುರುವಂತೆ ಗುಡುಗಿತು: "ಕೊಟ್ಟದ್ದು ಮೇಣ. ನೀನು ಕಸಿಯದೇ ಇದ್ದುದಕ್ಕೂ ಹಾರ ಹಾಕಬೇಕೇನು?"